ಒಂದು ಗಿಗಾಬಿಟ್ ಲೈನ್ ಇದೆ ಅಂತಾರೆ, ಫೈಲ್ ಇಳಿಯೋಕೆ ಹದಿನೇಳು ದಿನ ಯಾಕೆ?

ತುಕ್ಕು_ಸಂಶೋಧಕಿ (ಹಾಸನ)
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಕಾಲೇಜಿನಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ವಿಷಯ ಕಾಫಿ ಎಲೆ ತುಕ್ಕು. ತೋಟ ಇರೋರಿಗೆ ಹೇಳಬೇಕಾಗಿಲ್ಲ, ಎಲೆ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕೂತಿರುತ್ತಲ್ಲ, ಅದೇ. ಆ ಶಿಲೀಂಧ್ರದ ಡಿಎನ್‌ಎ ಓದಿಸಿ ಬಂದ ಕಚ್ಚಾ ಫೈಲ್‌ಗಳನ್ನ ಬೇರೆ ಬೇರೆ ದೇಶದವರು ಸಾರ್ವಜನಿಕವಾಗಿ ಇಟ್ಟಿದ್ದಾರೆ. ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿರೋ ಯುರೋಪಿಯನ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯ ಭಂಡಾರದಿಂದ ಯಾರು ಬೇಕಾದ್ರೂ ಪುಕ್ಕಟೆ ಇಳಿಸ್ಕೋಬಹುದು. ಹೋಲಿಸೋಕೆ ಕಾಫಿ ಗಿಡದ ಫೈಲ್‌ಗಳೂ ಸೇರಿ ನನಗೆ ಬೇಕಾಗಿರೋದು ಒಟ್ಟು 640 ಜಿಬಿ.

ಕಾಲೇಜಿಗೆ ಎನ್‌ಕೆಎನ್ ಲೈನ್ ಇದೆ, 1 ಜಿಬಿಪಿಎಸ್. ಸ್ಪೀಡ್ ಟೆಸ್ಟ್ ಹಾಕಿದ್ರೆ 600 ಎಂಬಿಪಿಎಸ್ ಮೇಲೆ ತೋರಿಸುತ್ತೆ. ನನ್ನ ಫೈಲ್ ಮಾತ್ರ ಸೆಕೆಂಡಿಗೆ 432 ಕೆಬಿ (ಲೈನಿನ ಲೆಕ್ಕ ಬಿಟ್‌ನಲ್ಲಿ, ಫೈಲಿಂದು ಬೈಟ್‌ನಲ್ಲಿ; ಎಂಟು ಬಿಟ್ ಸೇರಿದ್ರೆ ಒಂದು ಬೈಟ್). ಲೆಕ್ಕ ಹಾಕಿದೆ, ಹತ್ತಿರ ಹತ್ತಿರ ಹದಿನೇಳು ದಿನ. ಅದೂ ಮಧ್ಯೆ ಕರೆಂಟ್ ಹೋಗದಿದ್ರೆ.

ನಮ್ಮ ಸಿಸ್ಟಮ್ ಅಡ್ಮಿನ್ ಹತ್ರ ಹೋದ್ರೆ "ನಮ್ಮ ಲೈನ್ ಸರಿ ಇದೆ ಮೇಡಂ, ಆ ಕಡೆಯವರ ಸರ್ವರ್ ಸ್ಲೋ" ಅಂದ್ರು. ಗೈಡ್ ಹತ್ರ ಹೋದ್ರೆ "ಯಾರ್ದಾದ್ರೂ ಕೈಲಿ ಹಾರ್ಡ್ ಡಿಸ್ಕ್ ತರಿಸ್ಕೋಮ್ಮ" ಅಂದ್ರು. ಯಾರಿಗಾದ್ರೂ ಇದರ ಬಗ್ಗೆ ಗೊತ್ತಾ? ಈ ಎನ್‌ಕೆಎನ್ ಅಂದ್ರೆ ಮಾಮೂಲಿ ಇಂಟರ್‌ನೆಟ್ಟೇನಾ, ಬೇರೆನಾ, ಅದೂ ಹೇಳಿ.

ಬೇಲೂರು_ಬಾಯ್
ಸೋಮವಾರ, ರಾತ್ರಿ 9:52

ಅಕ್ಕಾ, ಕಾಲೇಜ್ ಲೈನ್ ನಂಬಿ ಕೂತ್ರೆ ಥೀಸಿಸ್ ಜೊತೆ ಪಿಂಚಣಿನೂ ಬರುತ್ತೆ. ಮನೆ ಫೈಬರ್‌ಗೆ ಹಾಕಿ ಮಲಗಿಬಿಡಿ. ತಿಂಗಳಿಗೆ ಸಾವಿರ ಚಿಲ್ರೆ ಕೊಟ್ರೆ ಆಯ್ತು.

ತುಕ್ಕು_ಸಂಶೋಧಕಿ
ಸೋಮವಾರ, ರಾತ್ರಿ 10:05

ಮನೆ ಚನ್ನರಾಯಪಟ್ಟಣದ ಆಚೆ ಹಳ್ಳಿ. ಫೈಬರ್ ಪಂಚಾಯಿತಿ ಆಫೀಸಿನ ಗೋಡೆವರೆಗೆ ಬಂದು ಅಲ್ಲೇ ಸುರುಳಿ ಸುತ್ಕೊಂಡು ಕೂತಿದೆ. ಮೊಬೈಲ್‌ನಲ್ಲಿ 640 ಜಿಬಿ ಆಗುತ್ತಾ ಹೇಳಿ?

ಲ್ಯಾಬ್_ನಂ_3 (ಚಿಕ್ಕಮಗಳೂರು)
ಸೋಮವಾರ, ರಾತ್ರಿ 10:31

ನಾನೂ ಒಂದು ಕಾಲೇಜಿನ ಸಿಸ್ಟಮ್ ಅಡ್ಮಿನ್ನೇ, ಹಾಗಾಗಿ ನಿಮ್ಮ ಅಡ್ಮಿನ್ ಮೇಲೆ ಸ್ವಲ್ಪ ಕನಿಕರ ಇದೆ. ಮೊದಲು ಎರಡನೇ ಪ್ರಶ್ನೆ.

ಎನ್‌ಕೆಎನ್ ಅಂದ್ರೆ ರಾಷ್ಟ್ರೀಯ ಜ್ಞಾನ ಜಾಲ. 2010ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 5,990 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು, ನಡೆಸೋದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ. ಐಐಟಿ, ಐಐಎಸ್‌ಸಿ, ವಿಶ್ವವಿದ್ಯಾಲಯಗಳು, ಕೃಷಿ ಮತ್ತು ವೈದ್ಯಕೀಯ ಸಂಸ್ಥೆಗಳು, ಪ್ರಯೋಗಾಲಯಗಳು ಇದರ ಮೇಲಿವೆ. ಇಂಥ ಜಾಲ ಎಷ್ಟೋ ದೇಶಗಳಲ್ಲಿದೆ. ಬ್ರಿಟನ್ನಿಗೆ ಜಾನೆಟ್, ಅದು 1984ರದು. ಅಮೆರಿಕದಲ್ಲಿ 1996ರಲ್ಲಿ 34 ವಿಶ್ವವಿದ್ಯಾಲಯಗಳು ಸೇರಿ ಇಂಟರ್‌ನೆಟ್2 ಕಟ್ಟಿಕೊಂಡವು. ಜಪಾನಿಗೆ ಸಿನೆಟ್, ಆಸ್ಟ್ರೇಲಿಯಾಕ್ಕೆ ಆರ್ನೆಟ್. ಯುರೋಪಿನ ಇಂಥ ಜಾಲಗಳನ್ನೆಲ್ಲ ಒಂದಕ್ಕೊಂದು ಹೊಲಿದಿರೋದು ಜಿಯಾಂಟ್. ಅವರೆಲ್ಲ ತಮ್ಮ ತಮ್ಮಲ್ಲೇ ಕೈ ಜೋಡಿಸ್ಕೊಂಡಿರೋದ್ರಿಂದ ಹಾಸನದ ಲ್ಯಾಬಿನಿಂದ ಹಿಂಕ್ಸ್‌ಟನ್‌ವರೆಗೆ ಮಧ್ಯೆ ಒಂದು ವ್ಯಾಪಾರಿ ಕಂಪನಿಯ ಜಾಲವನ್ನೂ ಮುಟ್ಟದೆ ಹೋಗಬಹುದು.

ಮಾಮೂಲಿ ಲೈನಿಗೂ ಇದಕ್ಕೂ ಏನು ವ್ಯತ್ಯಾಸ ಅಂದ್ರೆ, ಮನೆ ಫೈಬರ್ ಕಂಪನಿ ಒಂದೇ ಪೈಪನ್ನ ಇಡೀ ಬೀದಿಗೆ ಮಾರಿರುತ್ತೆ. ಎಲ್ಲರೂ ಒಂದೇ ಹೊತ್ತಿಗೆ ನಲ್ಲಿ ತಿರುಗಿಸಲ್ಲ ಅನ್ನೋ ಧೈರ್ಯ ಅವರದು. ಸಂಶೋಧನಾ ಜಾಲದಲ್ಲಿ ಬೇಕಂತಲೇ ಅರ್ಧಕ್ಕರ್ಧ ಜಾಗ ಖಾಲಿ ಬಿಟ್ಟಿರ್ತಾರೆ. ಯಾಕಂದ್ರೆ ಇಲ್ಲಿ ಒಬ್ಬನೇ ಬಂದು ಇಡೀ ರಸ್ತೆ ಕೇಳ್ತಾನೆ. ಜಿನೀವಾದ ಸರ್ನ್‌ನಲ್ಲಿ 27 ಕಿ.ಮೀ. ಸುರಂಗದೊಳಗೆ ಕಣಗಳನ್ನ ಡಿಕ್ಕಿ ಹೊಡೆಸ್ತಾರಲ್ಲ, ಆ ದತ್ತಾಂಶದ ಪಾಲು ನಮ್ಮ ಸಂಶೋಧನಾ ಸಂಸ್ಥೆಗಳಾದ ಕೋಲ್ಕತ್ತದ ವಿಇಸಿಸಿಗೂ ಮುಂಬೈನ ಟಿಐಎಫ್‌ಆರ್‌ಗೂ ಬರುತ್ತೆ. ಅದನ್ನ ಬೀದಿ ನಲ್ಲಿಯಲ್ಲಿ ಹಿಡಿಯೋಕಾಗಲ್ಲ.

ಇನ್ನು ನಿಮ್ಮ 432 ಕೆಬಿ. ನನಗೂ ಗೊತ್ತಾಗ್ತಿಲ್ಲ. ಅರಸೀಕೆರೆ ಸರ್ ಬರಲಿ.

ಮೂಡಿಗೆರೆ_ತೋಟದವ
ಮಂಗಳವಾರ, ಬೆಳಿಗ್ಗೆ 6:15

ಎಂತ ಮಾರಾಯ್ರೆ, 5,990 ಕೋಟಿ! ನಮ್ಮ ತೋಟದಿಂದ ಒಂದು ಫೋನ್ ಮಾಡಬೇಕಂದ್ರೆ ಈಗಲೂ ನೀರಿನ ಟ್ಯಾಂಕ್ ಹತ್ತಬೇಕು. ಮಳೆ ಹಿಡಿದ್ರೆ ಅದೂ ಇಲ್ಲ. ಜಿನೀವಾದಲ್ಲಿ ಯಾರೋ ಏನೋ ಡಿಕ್ಕಿ ಹೊಡೆಸಿದ್ದು ಕೋಲ್ಕತ್ತಕ್ಕೆ ಬಂದ್ರೆ ನನಗೆ ಬಂದ ಭಾಗ್ಯ ಎಂತದು?

ಆದ್ರೆ ಆ ತಂಗಿ ತುಕ್ಕಿನ ಮೇಲೆ ಕೆಲಸ ಮಾಡ್ತಿರೋದು ಓದಿ ಖುಷಿ ಆಯ್ತು. ಅದಕ್ಕಾದ್ರೂ ಲೈನ್ ಬರಲಿ.

ಅರಸೀಕೆರೆ_ಕೇಬಲ್
ಮಂಗಳವಾರ, ಬೆಳಿಗ್ಗೆ 7:02

ತಾಯಿ, ಮೂರು ಪ್ರಶ್ನೆ. ಉತ್ತರ ಕೊಟ್ಟ ಮೇಲೆ ಮಾತಾಡೋಣ.

ಆ ಸರ್ವರಿಗೆ ಪಿಂಗ್ ಹಾಕಿದ್ರೆ, ಅಂದ್ರೆ ಒಂದು ಸಣ್ಣ ಸಂದೇಶ ಹೋಗಿ ಉತ್ತರ ಬರೋಕೆ, ಎಷ್ಟು ಮಿಲಿಸೆಕೆಂಡ್? ಬೆಳಗಿನ ಜಾವ, ಹನ್ನೊಂದು ಗಂಟೆ, ರಾತ್ರಿ, ಈ ಮೂರು ಹೊತ್ತಿನಲ್ಲೂ ವೇಗ ಎಷ್ಟೆಷ್ಟು? ಎರಡು ಫೈಲ್ ಒಟ್ಟಿಗೆ ಹಾಕಿದ್ರೆ ವೇಗ ಹಂಚಿಹೋಗುತ್ತಾ, ಇಲ್ಲಾ ಎರಡಕ್ಕೂ ಅಷ್ಟಷ್ಟೇ ಬರುತ್ತಾ?

ಮೂಡಿಗೆರೆಯವರಿಗೆ: ನಿಮ್ಮ ಸಿಟ್ಟು ನ್ಯಾಯವೇ. ಆದ್ರೆ ಟವರ್ ಹಾಕೋದು ಬೇರೆ ಬಾಬ್ತು, ಇದು ಬೇರೆ ಬಾಬ್ತು. ಪಂಚಾಯಿತಿಗಳಿಗೆ ಫೈಬರ್ ಎಳೆಯೋ ಯೋಜನೆಗೆ 2011ರಲ್ಲಿ ಬೇರೆಯೇ ಒಪ್ಪಿಗೆ ಆಗಿದ್ದು, ಅದಕ್ಕೇ ಆಮೇಲೆ ಭಾರತ್‌ನೆಟ್ ಅಂತ ಹೆಸರಿಟ್ಟರು. ಒಂದರ ದುಡ್ಡು ಕಿತ್ತು ಇನ್ನೊಂದಕ್ಕೆ ಹಾಕಿದ್ದಲ್ಲ.

ಪುಸ್ತಕದ_ಪುಟ್ಟಮ್ಮ (ಕಡೂರು ಕಡೆ)
ಮಂಗಳವಾರ, ಮಧ್ಯಾಹ್ನ 1:20

ಊಟದ ಹೊತ್ತಲ್ಲಿ ಬರೀತಿದ್ದೀನಿ. ಸರ್ಕಾರಿ ಕಾಲೇಜಿನ ಗ್ರಂಥಪಾಲಕಿ ನಾನು. ಜಾಲ ಅಂದ ತಕ್ಷಣ ಎಲ್ಲರೂ ವೇಗದ ಮಾತೇ ಆಡ್ತೀರಿ. ನಮಗೆ ಬೇಕಾಗಿದ್ದು ಬಾಗಿಲು. 2025ರ ಜನವರಿ 1ರಿಂದ 'ಒಂದು ದೇಶ ಒಂದು ಚಂದಾ' ಶುರುವಾಯ್ತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು, ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ತೆರೆದಿವೆ. ನೋಡ್ಕೊಳ್ಳೋದು ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನೋ ಗ್ರಂಥಾಲಯ ಜಾಲದ ಕೇಂದ್ರ. ಅದಕ್ಕೆ ಮುಂಚೆ ಒಬ್ಬ ಹುಡುಗ ಒಂದು ಲೇಖನಕ್ಕೆ ನನ್ನ ಹತ್ರ ಬಂದ್ರೆ, ನಾನು ಬೆಂಗಳೂರಲ್ಲಿರೋ ಗೆಳತಿಗೆ ಫೋನ್ ಮಾಡಿ ಬೇಡ್ತಿದ್ದೆ. ಈಗ ಬೇಡಬೇಕಾಗಿಲ್ಲ. ಲೇಖನ ಎರಡು ಎಂಬಿ ಇರುತ್ತೆ, ಅದಕ್ಕೆ ಗಿಗಾಬಿಟ್ ಬೇಕಿಲ್ಲ. 'ನಾನು ಇಂಥ ಕಾಲೇಜಿನವಳು' ಅಂತ ಆ ಕಡೆಯವರಿಗೆ ರುಜುವಾತಾಗಬೇಕು, ಅಷ್ಟೇ. ಸಂಶೋಧನಾ ಜಾಲಗಳು ಇಷ್ಟು ವರ್ಷ ತಂತಿಯಷ್ಟೇ ಈ ಗುರುತಿನ ವ್ಯವಸ್ಥೆಯನ್ನೂ ಕಟ್ಟಿವೆ. ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ದೂರದೂರಿನ_ಹಾಸನಿಗ (ಡೆಲ್ಫ್ಟ್)
ಮಂಗಳವಾರ, ಸಂಜೆ 4:48

ಪುಟ್ಟಮ್ಮನವರ ಮಾತಿಗೆ ನೂರಕ್ಕೆ ನೂರು. ಎಡ್ಯುರೋಮ್ ಗೊತ್ತಲ್ಲ, ನಮ್ಮ ಕಾಲೇಜಿನ ಗುರುತಿನಿಂದಲೇ ಬೇರೆ ಕಾಲೇಜಿನ ವೈಫೈ ಸಿಗೋ ವ್ಯವಸ್ಥೆ? 2002ರ ಹೊತ್ತಿಗೆ ಇದೇ ನೆದರ್‌ಲ್ಯಾಂಡ್ಸ್‌ನ ಸಂಶೋಧನಾ ಜಾಲದವರ ತಲೆಗೆ ಬಂದ ಉಪಾಯ ಅದು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ, ಭಾರತದಲ್ಲಿ ನಡೆಸೋದು ಅರ್ನೆಟ್ (ನಮ್ಮ ದೇಶದ ಹಳೇ ಸಂಶೋಧನಾ ಜಾಲ, ಆಸ್ಟ್ರೇಲಿಯಾದ ಆರ್ನೆಟ್ ಅಲ್ಲ). ಬೆಂಗಳೂರಲ್ಲಿ ಓದುವಾಗ ಫೋನಿಗೆ ಒಂದೇ ಸಲ ಹಾಕಿದ್ದೆ. ಇಲ್ಲಿಗೆ ಬಂದ ಮೊದಲ ದಿನ, ಇನ್ನೂ ಸೂಟ್‌ಕೇಸ್ ಕೈಯಲ್ಲೇ ಇದೆ, ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಚೀಲದೊಳಗಿದ್ದ ಫೋನ್ ತಂತಾನೇ ವೈಫೈ ಹಿಡಿದು ಅಮ್ಮನ ಮೆಸೇಜ್ ಟಣ್ ಅಂತು. ಇಲ್ಲಿನವರಿಗೆ ನನ್ನ ಪಾಸ್‌ವರ್ಡ್ ಕಾಣೋದೇ ಇಲ್ಲ. 'ನಿಮ್ಮ ಹುಡುಗನಂತೆ, ಹೌದಾ' ಅಂತ ಬೆಂಗಳೂರಿಗೆ ಕೇಳ್ತಾರೆ, ಅಲ್ಲಿಂದ 'ಹೌದು' ಅಂತ ಬಂದ್ರೆ ಬಾಗಿಲು ತೆಗೀತಾರೆ.

ಅದೇ ಹೋದ ರಜೆಗೆ ಹಾಸನದ ಒಂದು ಕಾಲೇಜಿನಲ್ಲಿ ಮಾತಾಡೋಕೆ ಕರೆದಿದ್ರು. ಅತಿಥಿ ವೈಫೈಗೆ ಪ್ರಾಂಶುಪಾಲರಿಗೊಂದು ಅರ್ಜಿ, ಆಧಾರ್ ಜೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೋ ಎರಡು.

ಬೇಲೂರು_ಬಾಯ್
ಮಂಗಳವಾರ, ಸಂಜೆ 4:55

ಒಂದು ಫೋಟೋ ಅರ್ಜಿಗೆ. ಇನ್ನೊಂದು ಹಾರ ಹಾಕೋಕಾ ಗುರು?

ತುಕ್ಕು_ಸಂಶೋಧಕಿ
ಮಂಗಳವಾರ, ರಾತ್ರಿ 11:10

ಅರಸೀಕೆರೆ ಸರ್, ಇಡೀ ದಿನ ಕಾದು ಬರೆದಿದ್ದೀನಿ. ಪಿಂಗ್ 148 ಮಿಲಿಸೆಕೆಂಡ್, ಒಂದೆರಡು ಹೆಚ್ಚುಕಮ್ಮಿ. ಬೆಳಿಗ್ಗೆ ಆರೂವರೆಗೆ 432. ಹನ್ನೊಂದಕ್ಕೆ, ಇಡೀ ಕಾಲೇಜು ಆನ್‌ಲೈನ್ ಇದ್ದಾಗಲೂ 432. ಈಗ ಹಾಸ್ಟೆಲ್‌ನವರೆಲ್ಲ ಕ್ರಿಕೆಟ್ ನೋಡ್ತಿದ್ದಾರೆ, ಈಗಲೂ 431, 432. ಎರಡು ಫೈಲ್ ಹಾಕಿದೆ. ಎರಡಕ್ಕೂ 432! ನಾಲ್ಕು ಹಾಕಿದೆ, ನಾಲ್ಕಕ್ಕೂ ಅಷ್ಟೇ.

ಸಾಲದ್ದಕ್ಕೆ ಟ್ರೇಸ್‌ರೂಟ್ (ಸರ್ವರ್‌ವರೆಗಿನ ದಾರಿ ತೋರಿಸೋ ಆಜ್ಞೆ) ಕೂಡ ಹಾಕಿದೆ. ಎನ್‌ಕೆಎನ್, ಆಮೇಲೆ ಜಿಯಾಂಟ್, ಆಮೇಲೆ ಜಾನೆಟ್ ಹೆಸರು ಕಾಣ್ತು. ಯಾಕೋ ಖುಷಿ ಆಯ್ತು.

ಅರಸೀಕೆರೆ_ಕೇಬಲ್
ಬುಧವಾರ, ಬೆಳಿಗ್ಗೆ 5:50

ಕಳ್ಳ ಸಿಕ್ಕಿಬಿದ್ದ. ಒಂದು ಗುಣಾಕಾರ ಮಾಡಿ ತಾಯಿ. 432 ಇಂಟು 0.148.

ತುಕ್ಕು_ಸಂಶೋಧಕಿ
ಬುಧವಾರ, ಬೆಳಿಗ್ಗೆ 6:20

63.936. ಅಂದ್ರೆ 64?

ಅರಸೀಕೆರೆ_ಕೇಬಲ್
ಬುಧವಾರ, ಬೆಳಿಗ್ಗೆ 6:58

ಹೂಂ, 64. ದಟ್ಟಣೆಯಿಂದ ನಿಧಾನ ಆಗಿದ್ರೆ ಹೊತ್ತಿಗೊಂದು ವೇಗ ಇರ್ತಿತ್ತು. ಆ ಕಡೆ ಸರ್ವರ್ ಸೋಮಾರಿ ಆಗಿದ್ರೆ ನಾಲ್ಕು ಫೈಲಿಗೆ ನಾಲ್ಕು ಪಾಲಾಗ್ತಿತ್ತು. ಗಡಿಯಾರದ ಹಾಗೆ ಒಂದೇ ಅಂಕಿ ಬರ್ತಿದೆ ಅಂದ್ರೆ ಯಾರೋ ಅಳತೆಗೋಲು ಇಟ್ಕೊಂಡು ಕೂತಿದ್ದಾರೆ ಅಂತ ಅರ್ಥ.

ಟಿಸಿಪಿ ಅನ್ನೋ ನಿಯಮದಲ್ಲಿ ಕಳಿಸೋನು ಒಂದಿಷ್ಟು ಕಳಿಸಿ, 'ಸೇರಿತು' ಅನ್ನೋ ಉತ್ತರಕ್ಕೆ ಕಾಯ್ತಾನೆ. ಉತ್ತರ ಬರೋ ಮುಂಚೆ ಎಷ್ಟು ಕಳಿಸಬಹುದು ಅನ್ನೋದಕ್ಕೆ ಕಿಂಡಿ ಅಂತ ಹೇಳ್ತಾರೆ. 1981ರಲ್ಲಿ ನಿಯಮ ಬರೆದಾಗ ಆ ಕಿಂಡಿಗೆ 16 ಬಿಟ್ ಜಾಗ ಕೊಟ್ಟರು, ಅಂದ್ರೆ ಹೆಚ್ಚೆಂದರೆ 64 ಕೆಬಿ. ಆವತ್ತಿನ ತಂತಿಗಳಿಗೆ ಅದೇ ಧಾರಾಳ. ಜಾಲಗಳು ಉದ್ದ ಆಗಿ, ದಪ್ಪ ಆದ ಮೇಲೆ ಸಾಲದಾಯ್ತು. 1992ರಲ್ಲಿ ಕಿಂಡಿಯನ್ನ ಹಿಗ್ಗಿಸೋ ಒಂದು ಆಯ್ಕೆ ಸೇರಿಸಿದ್ರು. ಮಾತು ಶುರುವಾಗುವಾಗಲೇ ಎರಡೂ ಕಡೆಯವರು 'ನನಗೆ ಹಿಗ್ಗಿಸೋಕೆ ಬರುತ್ತೆ' ಅಂತ ಹೇಳ್ಕೋಬೇಕು. ಇವತ್ತಿನ ಯಾವ ಕಂಪ್ಯೂಟರಾದ್ರೂ ಹೇಳ್ಕೊಳ್ಳುತ್ತೆ. ನಿಮ್ಮದೂ ಹೇಳ್ತಿದೆ. ಮಧ್ಯದಲ್ಲಿ ಯಾರೋ ಆ ಸಾಲನ್ನ ಅಳಿಸಿಹಾಕ್ತಿದ್ದಾರೆ.

1 ಜಿಬಿಪಿಎಸ್ ತುಂಬಬೇಕಾದ್ರೆ 148 ಮಿಲಿಸೆಕೆಂಡಿನಲ್ಲಿ ಹದಿನೆಂಟೂವರೆ ಎಂಬಿ ದಾರಿಯ ಮೇಲೆ ಇರಬೇಕು. ನಿಮಗೆ ಸಿಗ್ತಿರೋದು 64 ಕೆಬಿ. ಶಿರಾಡಿ ಘಾಟಿ ಪೂರ್ತಿ ಖಾಲಿ ಬಿಟ್ಟು ಒಂದು ಆಟೋ ಓಡಿಸಿದ ಹಾಗೆ.

ಸ್ಪೀಡ್ ಟೆಸ್ಟ್ ಯಾಕೆ ಚೆನ್ನಾಗಿ ತೋರಿಸುತ್ತೆ ಅಂತೀರಾ? ಅದು ಬೆಂಗಳೂರಿಗೆ ಹೋಗಿಬರೋದು, ಐದಾರು ಮಿಲಿಸೆಕೆಂಡ್. ಉತ್ತರ ಬೇಗ ವಾಪಸ್ ಬರೋದ್ರಿಂದ ಸಣ್ಣ ಕಿಂಡಿಯೂ ಸಾಕಾಗುತ್ತೆ. ಜೊತೆಗೆ ಅದು ಒಂದೇ ಸಲಕ್ಕೆ ಏಳೆಂಟು ಸಂಪರ್ಕ ತೆಗೆದುಕೊಳ್ಳುತ್ತೆ. ಆ ಪರೀಕ್ಷೆ ಪಾಸಾದ್ರೆ ಹಿಂಕ್ಸ್‌ಟನ್‌ಗೂ ಪಾಸು ಅಂತಲ್ಲ.

ಮೂಡಿಗೆರೆ_ತೋಟದವ
ಬುಧವಾರ, ಬೆಳಿಗ್ಗೆ 8:30

ಸರ್, ನನಗೆ ಅರ್ಥ ಆಗಿದ್ದು ಸರಿಯಾ ನೋಡಿ. ನಾನು ಕಾಫಿ ಹದಮಾಡೋ ಕ್ಯೂರಿಂಗ್ ವರ್ಕ್ಸ್‌ಗೆ ಚೆರ್ರಿ ಮೂಟೆ ಕಳಿಸ್ತೀನಿ. 64 ಮೂಟೆ ಹೋಯ್ತು. ಅಲ್ಲಿಂದ ತೂಕದ ಚೀಟಿ ಬರೋವರೆಗೆ ರೈಟರ್ ಮುಂದಿನ ಲೋಡ್ ಬಿಡಲ್ಲ ಅಂತಾನೆ. ಕ್ಯೂರಿಂಗ್ ಮೂಡಿಗೆರೆ ಪೇಟೆಯಲ್ಲೇ ಇದ್ರೆ ದಿನಕ್ಕೆ ಹತ್ತು ಲೋಡ್ ಆಗುತ್ತೆ. ಹಾಸನದಲ್ಲಿದ್ರೆ ಎರಡು. ಲಾರಿ ಎಷ್ಟು ದೊಡ್ಡದಾದ್ರೂ, ರಸ್ತೆ ಎಷ್ಟು ಅಗಲ ಆದ್ರೂ ಅಷ್ಟೇ. ಹೌದಾ?

ಅರಸೀಕೆರೆ_ಕೇಬಲ್
ಬುಧವಾರ, ಬೆಳಿಗ್ಗೆ 8:41

ಮೂವತ್ತು ವರ್ಷ ಇಲಾಖೆಯಲ್ಲಿದ್ದೆ, ಇಷ್ಟು ಚೆನ್ನಾಗಿ ನನಗೇ ಹೇಳೋಕೆ ಬರ್ತಿರಲಿಲ್ಲ.

ಲ್ಯಾಬ್_ನಂ_3
ಬುಧವಾರ, ಬೆಳಿಗ್ಗೆ 9:15

ಅಳಿಸ್ತಿರೋನು ಯಾರು ಅಂತ ನಾನು ಹೇಳ್ತೀನಿ. ಫೈರ್‌ವಾಲ್. ಕಾಲೇಜಿನ ಬಾಗಿಲಲ್ಲಿ ಒಂದು ಪೆಟ್ಟಿಗೆ ಇರುತ್ತೆ, ಪ್ರತಿ ಪ್ಯಾಕೆಟ್ ಬಿಚ್ಚಿ ನೋಡೋದು ಅದರ ಕೆಲಸ. ಹಳೇ ಪೆಟ್ಟಿಗೆಗಳು, ಇಲ್ಲಾ ಎಡವಟ್ಟು ಸೆಟ್ಟಿಂಗ್ ಇರೋವು, ತಮಗೆ ಗುರುತು ಸಿಗದ ಆಯ್ಕೆಗಳನ್ನ 'ಯಾಕೆ ಬೇಕು ರಿಸ್ಕು' ಅಂತ ಕಿತ್ತುಹಾಕ್ತವೆ. ತರಗತಿಗೆ, ಮೇಲ್‌ಗೆ, ಹಾಸ್ಟೆಲ್ ಕ್ರಿಕೆಟ್‌ಗೆ ಏನೂ ಗೊತ್ತಾಗಲ್ಲ, ಯಾಕಂದ್ರೆ ಅವೆಲ್ಲ ಹತ್ತಿರದ ಸರ್ವರಿನಿಂದ ಬರೋವು. ದೂರದಿಂದ ಗುಡ್ಡೆಗಟ್ಟಲೆ ತರಿಸೋಳು ನೀವೊಬ್ಬರೇ. ಅದಕ್ಕೇ ಇಷ್ಟು ವರ್ಷ ಯಾರೂ ದೂರು ಕೊಟ್ಟಿಲ್ಲ.

ತಾತ್ಕಾಲಿಕ ಉಪಾಯ: ಒಂದೊಂದು ಸಂಪರ್ಕಕ್ಕೂ 432 ಅಂದ್ರೆ, ಹದಿನಾರು ಸಂಪರ್ಕ ತೆಗೀರಿ. ಒಂದೇ ಫೈಲನ್ನ ಹದಿನಾರು ತುಂಡು ಮಾಡಿ ಒಟ್ಟಿಗೆ ಎಳೆಯೋ ತಂತ್ರಾಂಶ ಇದೆ, ಆರಿಯಾ2 ಅಂತ. ಸೆಕೆಂಡಿಗೆ ಏಳು ಎಂಬಿ ಸಿಗುತ್ತೆ, ಒಂದು ದಿನದ ಮೇಲೆ ಒಂದು ಗಂಟೆ. ಮಧ್ಯೆ ನಿಂತ್ರೆ ನಿಂತಲ್ಲಿಂದ ಮುಂದುವರಿಯುತ್ತೆ.

ಶಾಶ್ವತ ಉಪಾಯಕ್ಕೆ ನಿಮ್ಮ ಅಡ್ಮಿನ್ ಮನಸ್ಸು ಮಾಡಬೇಕು.

ಬೇಲೂರು_ಬಾಯ್
ಬುಧವಾರ, ಬೆಳಿಗ್ಗೆ 9:40

ಹಾಸನದಲ್ಲೇ ಇಸ್ರೋ ಇದೆಯಲ್ಲ, ಉಪಗ್ರಹದಿಂದ ನೇರ ಇಳಿಸ್ಕೋಬಾರದಾ? ಕಡಲ ತಳದಲ್ಲಿ ತಂತಿ ಯಾಕೆ ಎಳೀಬೇಕು?

ಅರಸೀಕೆರೆ_ಕೇಬಲ್
ಬುಧವಾರ, ಬೆಳಿಗ್ಗೆ 10:25

ತಮಾಷೆಗೆ ಕೇಳಿದ್ರೂ ಪ್ರಶ್ನೆ ಒಳ್ಳೇದು. 1982ರಿಂದ ಹಾಸನದ ಎಂಸಿಎಫ್‌ನಲ್ಲಿ, ಅಂದ್ರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ, ಕೂತು ನಡೆಸ್ತಿರೋ ಆ ಉಪಗ್ರಹಗಳು ಸಮಭಾಜಕದ ನೆತ್ತಿ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಮೇಲಕ್ಕೆ ಹೋಗಿ ಕೆಳಕ್ಕೆ ಬಂದು, ಉತ್ತರವೂ ಅದೇ ದಾರಿಯಲ್ಲಿ ಬರಬೇಕಾದ್ರೆ ಬೆಳಕಿನ ವೇಗದಲ್ಲೇ ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಮೂಡಿಗೆರೆಯವರ ಚೀಟಿ ಲೆಕ್ಕದಲ್ಲಿ ಈ ಅಕ್ಕನಿಗೆ ಆಗ 130 ಕೆಬಿ ಕೂಡ ಸಿಗ್ತಿರಲಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಸ್ವಲ್ಪ ನಿಧಾನ, ಸೆಕೆಂಡಿಗೆ 2 ಲಕ್ಷ ಕಿ.ಮೀ. ಸುಮಾರು. ಆದ್ರೆ ದಾರಿ ಹತ್ತಿರ, ಮತ್ತೆ ಒಂದು ಕೇಬಲಿನಲ್ಲಿ ಹಿಡಿಸೋ ಮಾಲು ಉಪಗ್ರಹಕ್ಕೆ ಹೊರೋಕಾಗಲ್ಲ.

ಈಗ ನನ್ನ ಪುರಾಣ ಸ್ವಲ್ಪ ಕೇಳಿ. ನಮ್ಮ ದೇಶದಲ್ಲಿ ಇದೆಲ್ಲ ಶುರುವಾಗಿದ್ದು ಅರ್ನೆಟ್‌ನಿಂದ, 1986. ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವು. ಎಂಟೇ ಜಾಗ: ಐದು ಐಐಟಿ, ನಮ್ಮ ಐಐಎಸ್‌ಸಿ, ಬೊಂಬಾಯಿಯ ಸಾಫ್ಟ್‌ವೇರ್ ಕೇಂದ್ರ ಎನ್‌ಸಿಎಸ್‌ಟಿ, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ. ಆ ದಶಕದ ಕೊನೆಗೆ ಹೊರದೇಶಕ್ಕೆ ಸಿಕ್ಕ ಲೈನು 9.6 ಕೆಬಿಪಿಎಸ್. ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ಈ ಹುಡುಗಿಯ 640 ಜಿಬಿ ಆ ಲೈನಿನಲ್ಲಿ ಬರೋಕೆ ಹದಿನೇಳು ವರ್ಷ. ಈಗ ಹದಿನೇಳು ದಿನಕ್ಕೆ ಬೇಜಾರು ಮಾಡ್ಕೊಂಡಿದ್ದಾಳೆ. ಮಾಡ್ಕೋಬೇಕು, ತಪ್ಪಿಲ್ಲ.

ನಾನು ಅಂಥ ದೊಡ್ಡ ಕೆಲಸದಲ್ಲಿರಲಿಲ್ಲ. ಸಕಲೇಶಪುರದ ಆಚೆ ದೋಣಿಗಲ್ಲಿನಲ್ಲಿ ಜಾಯಿಂಟ್ ಹಾಕ್ತಿದ್ದೆ. ಮಳೆಗಾಲದಲ್ಲಿ ಗುಡ್ಡ ಜರುಗಿದ್ರೆ ಕೇಬಲ್ ಕಿತ್ತು ಹೋಗೋದು. ಗುಂಡಿ ಮೇಲೆ ಟಾರ್ಪಾಲ್ ಕಟ್ಟಿ, ಅದರೊಳಗೆ ಪೆಟ್ರೋಮ್ಯಾಕ್ಸ್ ಇಟ್ಕೊಂಡು ಕೂರ್ತಿದ್ವಿ. ಎಳೆಯ ಬಣ್ಣದ ಲೇಪ ಸುಲಿದ್ರೆ ಒಳಗೆ ಗಾಜು, ತಲೆಕೂದಲಿಗಿಂತ ಸ್ವಲ್ಪ ದಪ್ಪ. ಬೆಳಕು ಓಡೋ ತಿರುಳು ಅದರ ನಡುವೆ 9 ಮೈಕ್ರಾನ್. ಸ್ಪಿರಿಟ್ಟಿನಲ್ಲಿ ಒರೆಸಬೇಕು, ನೇರ ಕತ್ತರಿಸಬೇಕು, ಎರಡು ತುದಿ ಎದುರುಬದುರು ಇಟ್ಟು ಕಿಡಿ ಹೊಡೆಸಿ ಬೆಸೆಯಬೇಕು. ಹೊರಗೆ ಮಳೆ, ಒಳಗೆ ಉಸಿರು ಬಿಟ್ರೆ ತೇವ. ಕತ್ತರಿಸಿದ ಚೂರುಗಳನ್ನ ಅಂಟುಪಟ್ಟಿಗೆ ಅಂಟಿಸಿ ಎಣಿಸ್ತಿದ್ವಿ. ಒಂದು ಕಮ್ಮಿ ಬಂದ್ರೆ ಯಾರದೋ ಬೆರಳೊಳಗಿದೆ ಅಂತ ಅರ್ಥ. ನನ್ನ ಎಡಗೈ ಹೆಬ್ಬೆರಳಲ್ಲಿ ಈಗಲೂ ಚಳಿಗಾಲಕ್ಕೆ ಒಂದು ಕಡೆ ಚುಚ್ಚುತ್ತೆ. ಡಾಕ್ಟರ್ ಏನೂ ಇಲ್ಲ ಅಂತಾರೆ.

ದೂರದೂರಿನ_ಹಾಸನಿಗ
ಬುಧವಾರ, ಮಧ್ಯಾಹ್ನ 3:30

ಸರ್, ಆ ಕೊನೇ ಸಾಲು ಓದಿ ನನ್ನ ಬೆರಳು ನೋಡ್ಕೊಂಡೆ.

ಕೇಬಲ್ ಕಿತ್ತು ಹೋಗೋದು ಕಡಲಲ್ಲೂ ಇದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಕೇಬಲ್ ತುಂಡಾದಾಗ ಭಾರತಕ್ಕೆ ಪಶ್ಚಿಮದ ಕಡೆಯ ದಾರಿಯೇ ಇಕ್ಕಟ್ಟಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಹತ್ತಿರ ಮತ್ತೆ. ವಿಡಿಯೋ ಕಾಲಿನಲ್ಲಿ ನಮ್ಮ ಅಮ್ಮ "ಮಗಾ, ನಿನ್ನ ಬಾಯಿ ಮೊದಲು ಆಡುತ್ತೆ, ಮಾತು ಆಮೇಲೆ ಬರುತ್ತೆ" ಅಂತ ವಾರಗಟ್ಟಲೆ ಹೇಳ್ತಿದ್ರು.

ಇನ್ನು ಗೈಡ್ ಹಾರ್ಡ್ ಡಿಸ್ಕ್ ತರಿಸ್ಕೋ ಅಂದಿದ್ದಕ್ಕೆ ಯಾರೂ ನಗಬೇಡಿ. 2019ರ ಏಪ್ರಿಲ್‌ನಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂತಲ್ಲ, ಅದರ ದತ್ತಾಂಶ ಸುಮಾರು 5 ಪೆಟಾಬೈಟ್ (ಒಂದು ಪೆಟಾಬೈಟ್ ಅಂದ್ರೆ ಹತ್ತು ಲಕ್ಷ ಜಿಬಿ). ದೂರದರ್ಶಕಗಳು ಇದ್ದಿದ್ದು ಬೆಟ್ಟದ ತುದಿಗಳಲ್ಲಿ, ದಕ್ಷಿಣ ಧ್ರುವದಲ್ಲಿ. ಯಾವ ಜಾಲಕ್ಕೂ ಹೊರೋಕಾಗದೆ ಡಿಸ್ಕುಗಳನ್ನ ವಿಮಾನದಲ್ಲಿ ಸಾಗಿಸಿದ್ರು. 2017ರ ಏಪ್ರಿಲ್‌ನಲ್ಲಿ ನೋಡಿದ್ದು, ಧ್ರುವದ ಡಿಸ್ಕುಗಳು ಅಲ್ಲಿನ ಚಳಿಗಾಲ ಮುಗಿದು ಅಮೆರಿಕಕ್ಕೆ ಬಂದಾಗ ಡಿಸೆಂಬರ್. ಒಂದು ಪೆಟಾಬೈಟ್ ಅಂದ್ರೆ 10 ಜಿಬಿಪಿಎಸ್ ಲೈನ್ ಭರ್ತಿ ತುಂಬಿ ಓಡಿದ್ರೂ ಒಂಬತ್ತು ದಿನದ ಮೇಲೆ. ಆದ್ರೆ 640 ಜಿಬಿಗೆ ಡಿಸ್ಕ್ ಅಂದ್ರೆ ಸ್ವಲ್ಪ ಅತಿ ಆಯ್ತು.

ತುಕ್ಕು_ಸಂಶೋಧಕಿ
ಬುಧವಾರ, ರಾತ್ರಿ 8:15

ಆರಿಯಾ2 ಹಾಕಿದೆ. 6.9 ಎಂಬಿ ಬರ್ತಿದೆ!! ಲ್ಯಾಬ್ ಸರ್, ಅರಸೀಕೆರೆ ಸರ್, ಹೇಗೆ ಥ್ಯಾಂಕ್ಸ್ ಹೇಳ್ಲಿ.

ಆದ್ರೆ ಅಡ್ಮಿನ್ ಹತ್ರ ಹೋಗಿ 64ರ ಲೆಕ್ಕ ಹೇಳಿದೆ. ಪಾಪ, ಕೂತು ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ "ಫೈರ್‌ವಾಲ್ ಮುಟ್ಟಿದ್ರೆ ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ ಮೇಡಂ. ಬರವಣಿಗೆಯಲ್ಲಿ ಕೊಡಿ, ಪ್ರಾಂಶುಪಾಲರ ಸಹಿ ಇರಲಿ" ಅಂದ್ರು.

ಬೇಲೂರು_ಬಾಯ್
ಬುಧವಾರ, ರಾತ್ರಿ 8:20

ಹಾಸನಿಂದ ಲಂಡನ್ ಕಡೆಗೆ 148 ಮಿಲಿಸೆಕೆಂಡ್. ಅಡ್ಮಿನ್ ರೂಮಿಂದ ಪ್ರಾಂಶುಪಾಲರ ರೂಮಿಗೆ ಹದಿನೈದು ದಿನ.

ಲ್ಯಾಬ್_ನಂ_3
ಬುಧವಾರ, ರಾತ್ರಿ 9:05

ನಗಬೇಡ ತಮ್ಮ. ಆ ಅಡ್ಮಿನ್ ಜಾಗದಲ್ಲಿ ನಾನೂ ಕೂತಿದ್ದೀನಿ. ಎರಡು ಸಾವಿರ ಮಕ್ಕಳು, ಪ್ರತಿಯೊಬ್ಬರ ಫೋನಿನಲ್ಲೂ ಏನೇನೋ ಆ್ಯಪು. ಪರೀಕ್ಷೆ ದಿನ ಲೈನ್ ಬಿದ್ರೆ ಮೊದಲು ಬೈಸ್ಕೊಳ್ಳೋದು ನಾವು. ಲೈನ್ ಚೆನ್ನಾಗಿದ್ದ ದಿನ ಒಬ್ಬರೂ ಬಂದು ಚೆನ್ನಾಗಿದೆ ಅನ್ನಲ್ಲ. ಹಾಗಾಗಿ ಮುಟ್ಟದೇ ಇರೋದೇ ಕ್ಷೇಮ ಅನ್ನಿಸಿಬಿಡುತ್ತೆ.

ಅವರಿಗೆ ಫೈರ್‌ವಾಲ್ ತೆಗೀರಿ ಅಂತ ಕೇಳ್ಬೇಡಿ. ಹೀಗೆ ಕೇಳಿ. ಅಮೆರಿಕದ ಇಂಧನ ಇಲಾಖೆಯ ಇಎಸ್‌ನೆಟ್‌ನವರು ಇದೇ ತಲೆನೋವಿಗೆ ಒಂದು ದಾರಿ ಮಾಡಿದ್ದಾರೆ, ಸೈನ್ಸ್ ಡಿಎಂಜೆಡ್ ಅಂತ ಹೆಸರು. ಕಾಲೇಜಿನ ಲೈನ್ ಒಳಗೆ ಬರೋ ಜಾಗದಲ್ಲೇ, ಫೈರ್‌ವಾಲಿಗೆ ಮುಂಚೆ, ಒಂದೇ ಒಂದು ಕಂಪ್ಯೂಟರ್ ಇಡೋದು. ಅದರಲ್ಲಿ ಮೇಲ್ ಇಲ್ಲ, ಬ್ರೌಸರ್ ಇಲ್ಲ, ದೊಡ್ಡ ಫೈಲ್ ತರೋದೊಂದೇ ಕೆಲಸ. ಯಾವ ಯಾವ ವಿಳಾಸಕ್ಕೆ ಮಾತಾಡಬಹುದು ಅಂತ ರೂಟರಿನಲ್ಲೇ ಪಟ್ಟಿ ಹಾಕಿ ಕಟ್ಟಿಹಾಕೋದು. ಹಾಸ್ಟೆಲ್, ಆಫೀಸು ಎಲ್ಲ ಎಂದಿನ ಹಾಗೆ ಫೈರ್‌ವಾಲ್ ಹಿಂದೆಯೇ. ಮೂಲೆಯಲ್ಲಿ ಬಿದ್ದಿರೋ ಹಳೇ ಸರ್ವರ್ ಸಾಕು, ಡಿಸ್ಕ್ ಮಾತ್ರ ಹೊಸದು ಬೇಕು.

ಪತ್ರದಲ್ಲಿ '1 ಜಿಬಿಪಿಎಸ್ ಲೈನಿನಲ್ಲಿ ಒಂದು ಸಂಪರ್ಕಕ್ಕೆ ಸಿಗ್ತಿರೋದು ಮೂರೂವರೆ ಎಂಬಿಪಿಎಸ್' ಅಂತ ಮೊದಲ ಸಾಲಿನಲ್ಲೇ ಹಾಕಿ. ಪ್ರಾಂಶುಪಾಲರು ಎರಡನೇ ಸಾಲು ಓದೋದು ಅನುಮಾನ.

ಪುಸ್ತಕದ_ಪುಟ್ಟಮ್ಮ
ಗುರುವಾರ, ಬೆಳಿಗ್ಗೆ 10:50

ಪತ್ರದ ಕೆಳಗೆ ಇನ್ನೂ ಇಬ್ಬರು ಮೂವರು ಸಂಶೋಧಕರ ಸಹಿ ಹಾಕಿಸಮ್ಮ. ಒಬ್ಬಳು ಕೇಳಿದ್ರೆ ಕಿರಿಕಿರಿ, ನಾಲ್ಕು ಜನ ಕೇಳಿದ್ರೆ ಅಗತ್ಯ. ಇಪ್ಪತ್ತು ವರ್ಷದ ಅನುಭವ.

ಮೂಡಿಗೆರೆ_ತೋಟದವ
ಗುರುವಾರ, ಸಂಜೆ 6:40

ನಾನೊಂದು ಕೇಳ್ಲಾ ತಂಗಿ? ಇಷ್ಟೆಲ್ಲ ತರಿಸಿ ಎಂತ ಹುಡುಕ್ತೀಯ? ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಶುರುವಾಗಿದ್ದು 1925ರಲ್ಲಿ, ನಮ್ಮಜ್ಜನ ಕಾಲ. ಆಗಿಂದ ಒಂದಾದ ಮೇಲೊಂದು ತಳಿ ಕೊಟ್ಟಿದ್ದಾರೆ. ಒಂದಷ್ಟು ವರ್ಷ ತುಕ್ಕು ಹತ್ತಲ್ಲ, ಆಮೇಲೆ ಅದಕ್ಕೂ ಹತ್ತುತ್ತೆ. ನಾನಂತೂ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯೋದು ಬಿಟ್ಟಿಲ್ಲ.

ತುಕ್ಕು_ಸಂಶೋಧಕಿ
ಗುರುವಾರ, ರಾತ್ರಿ 9:30

ಅಣ್ಣ, ನೀವು ಹೇಳಿದ 'ಅದಕ್ಕೂ ಹತ್ತುತ್ತೆ' ಅನ್ನೋದೇ ನನ್ನ ವಿಷಯ. ತುಕ್ಕು ಒಂದೇ ಅಲ್ಲ, ಅದರಲ್ಲೂ ಬೇರೆ ಬೇರೆ ಬಗೆಗಳಿವೆ, ಹೊಸ ಹೊಸವು ಹುಟ್ಕೊಳ್ತವೆ. ನಮ್ಮ ತೋಟಗಳಲ್ಲಿ ಸಿಕ್ಕಿರೋದನ್ನ ಬ್ರೆಜಿಲ್, ಆಫ್ರಿಕಾ ಕಡೆಯದ್ದರ ಪಕ್ಕ ಇಟ್ಟು ಎಲ್ಲಿ ಬದಲಾಗಿದೆ ಅಂತ ಅಕ್ಷರ ಅಕ್ಷರ ತಾಳೆ ನೋಡ್ಬೇಕು. ಪಕ್ಕದಲ್ಲಿ ಇಡೋಕೆ ಅವರದ್ದು ನನ್ನ ಹತ್ರ ಇರಬೇಕಲ್ಲ. ನಾಳೆ ನಮ್ಮದನ್ನ ನಾನೂ ಆ ಭಂಡಾರಕ್ಕೆ ಏರಿಸಬೇಕು, ಬ್ರೆಜಿಲ್‌ನಲ್ಲಿ ಯಾರೋ ಕಾಯ್ತಿರ್ತಾರೆ. ಏರಿಸೋಕೂ ಇದೇ 432 ಆಗಿಬಿಟ್ರೆ ಏನು ಗತಿ ಅಂತ ಈಗಲೇ ಭಯ.

ಬೋರ್ಡೋ ಬಿಡಬೇಡಿ ಅಣ್ಣ. ನನ್ನ ಥೀಸಿಸ್ ನಂಬಿ ಮಾತ್ರ ಬಿಡಲೇಬೇಡಿ.

ಮೂಡಿಗೆರೆ_ತೋಟದವ
ಗುರುವಾರ, ರಾತ್ರಿ 9:44

ನಮ್ಮ ತೋಟದ ಎಲೆ ಬೇಕಿದ್ರೆ ಬಾ. ಮೂರನೇ ಬ್ಲಾಕಿನಲ್ಲಿ ಹಳೇ ಎಸ್.795 ತಳಿ ಇದೆ, ತುಕ್ಕಿಗೇನೂ ಬರ ಇಲ್ಲ. ಮಳೆ ನಿಂತ ಮೇಲೆ ಬಾ, ಜಿಗಣೆ.

ತುಕ್ಕು_ಸಂಶೋಧಕಿ
ಶನಿವಾರ, ಬೆಳಿಗ್ಗೆ 7:25

ಎರಡು ಸಲ ಕರೆಂಟ್ ಹೋಗಿ, ನಿಂತಲ್ಲಿಂದಲೇ ಮುಂದುವರಿದು, ನಿನ್ನೆ ನಡುರಾತ್ರಿ 640 ಜಿಬಿ ಪೂರ್ತಿ ಇಳಿದಿದೆ. ಪತ್ರ ಕೊಟ್ಟಿದ್ದೀನಿ, ಐದು ಜನರ ಸಹಿ. ಪ್ರಾಂಶುಪಾಲರು 'ಚರ್ಚಿಸಿ' ಅಂತ ಬರೆದು ಅಡ್ಮಿನ್‌ಗೆ ಕಳಿಸಿದ್ದಾರೆ. ಅಡ್ಮಿನ್ ನಿನ್ನೆ ಸಂಜೆ ತಾವೇ ಬಂದು, ಸ್ಟೋರ್ ರೂಮಿನಲ್ಲಿ ಒಂದು ಹಳೇ ಸರ್ವರ್ ಇದೆ, ಫ್ಯಾನ್ ಒಂದು ಹೋಗಿದೆ, ಉಳಿದಿದ್ದೆಲ್ಲ ಸರಿ ಇದೆ ಅಂದ್ರು.

ಎಂಡಿ5 (ಫೈಲ್ ಹಾಳಾಗದೆ ಬಂದಿದೆಯಾ ಅಂತ ತಿಳಿಸೋ ಗುರುತು) ತಾಳೆ ನೋಡಿದೆ. ಒಂದು ಫೈಲಿಂದು ಮಾತ್ರ ಹೊಂದ್ತಿಲ್ಲ. ಅದನ್ನ ಮತ್ತೆ ಹಾಕಿದ್ದೀನಿ.